ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಮತ್ತು ಡಿಜಿಟಲ್ ಸಾಧನ: ಒಪ್ಪಿಗೆ ಹೇಗೆ ಮೂಡುತ್ತದೆ?

ಪಾಠದ ಉದ್ದೇಶ

ಪ್ರೌಢಶಾಲೆಯ ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಭಾಷಾ ಬೋಧಕರು ಈ ಪಾಠವನ್ನು ಬಳಸಿಕೊಳ್ಳಬಹುದು. ಪಾಠದ ಕೊನೆಗೆ ವಿದ್ಯಾರ್ಥಿಗಳು ಮೂರು ಸಂಗತಿಗಳನ್ನು ತಿಳಿದಿರಬೇಕು. ಒಂದು, ಆರೋಗ್ಯ ಕ್ಷೇತ್ರದಲ್ಲಿ ಇಂದು ಬಳಕೆಯಲ್ಲಿರುವ ಡಿಜಿಟಲ್ ಸಾಧನಗಳು ಯಾವುವು ಎಂಬುದು. ಎರಡು, ವೈದ್ಯರೂ ಆರೋಗ್ಯ ಕಾರ್ಯಕರ್ತೆಯರೂ ಅವುಗಳಲ್ಲಿ ಕೆಲವನ್ನು ಬೇಗನೆ ಒಪ್ಪಿ, ಕೆಲವನ್ನು ದೂರವಿಡುವುದಕ್ಕೆ ಇರುವ ಕಾರಣಗಳು. ಮೂರು, ಗಡಿನಾಡಿನ ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಯಲ್ಲಿ ಭಾಷೆಗೆ ಇರುವ ಸ್ಥಾನ.

1. ವಿಷಯ ಪ್ರವೇಶ

ಹತ್ತು ಹದಿನೈದು ವರ್ಷಗಳ ಹಿಂದೆ ಹಳ್ಳಿಯ ಆರೋಗ್ಯ ಸಹಾಯಕಿಯ ಚೀಲದಲ್ಲಿ ದಪ್ಪನೆಯ ರಿಜಿಸ್ಟರುಗಳು, ತಾಯಿ ಕಾರ್ಡುಗಳು, ಲಸಿಕೆಯ ಪೆಟ್ಟಿಗೆ ಇರುತ್ತಿದ್ದವು. ಇಂದು ಅವುಗಳ ಜೊತೆಗೆ ಮೊಬೈಲ್ ಅಥವಾ ಟ್ಯಾಬ್ಲೆಟ್ ಸೇರಿದೆ. ಗರ್ಭಿಣಿಯ ನೋಂದಣಿ, ಮಗುವಿನ ತೂಕ, ಲಸಿಕೆಯ ದಿನಾಂಕ, ರಕ್ತದೊತ್ತಡದ ಅಳತೆ, ಕ್ಷಯರೋಗಿಯ ಔಷಧ ಎಲ್ಲವೂ ಯಾವುದಾದರೊಂದು ಆ್ಯಪ್ ಅಥವಾ ಪೋರ್ಟಲ್‌ಗೆ ಸೇರಬೇಕಾಗಿದೆ. ಕ್ಷಯರೋಗಿಗಳ ದಾಖಲಾತಿಗೆ 2012ರಲ್ಲಿ ನಿಕ್ಷಯ್ ಬಂತು. ಉಪಕೇಂದ್ರದಲ್ಲಿ ಕುಳಿತ ರೋಗಿಯು ದೂರದ ವೈದ್ಯರೊಡನೆ ಪರದೆಯ ಮೇಲೆ ಮಾತನಾಡುವಂತೆ ಮಾಡಿದ ಇ-ಸಂಜೀವಿನಿ 2019ರಲ್ಲಿ ಆರಂಭವಾಯಿತು. ಅಂಗನವಾಡಿಗಳಿಗೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಅದೇ ವರ್ಷದ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಜಾರಿಗೆ ಬಂದು, ಇಚ್ಛೆಯುಳ್ಳವರಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆ ದೊರೆಯತೊಡಗಿತು.

ಇವುಗಳ ಪ್ರಯೋಜನದ ಬಗ್ಗೆ ಹೇಳುವವರು ಅನೇಕರಿದ್ದಾರೆ. ಆದರೆ ಸಾಧನವು ಕೈಗೆ ಬಂದ ಮಾತ್ರಕ್ಕೆ ಬಳಕೆಗೆ ಬಂದಂತಾಗುವುದಿಲ್ಲ. ಅದನ್ನು ಬಳಸುವವರು ಒಪ್ಪಬೇಕು. ಒಪ್ಪದಿದ್ದಾಗ ‘ಹಳಬರಿಗೆ ಹೊಸತು ಹಿಡಿಸದು’ ಎಂದು ಹೇಳಿ ಮುಗಿಸುವುದು ಸುಲಭ. ಆ ಮಾತು ಎಷ್ಟು ನಿಜ ಎಂಬುದನ್ನು ಪರೀಕ್ಷಿಸುವುದೇ ಈ ಪಾಠದ ಕೆಲಸ.

2. ಹಿಂದಿನ ಎರಡು ಸಾಧನಗಳು

ವೈದ್ಯರ ಕೊರಳಲ್ಲಿ ಸದಾ ಇರುವ ಸ್ಟೆತಾಸ್ಕೋಪ್ ಕೂಡ ಒಂದು ಕಾಲದಲ್ಲಿ ಹೊಸ ತಂತ್ರಜ್ಞಾನವೇ ಆಗಿತ್ತು. 1816ರಲ್ಲಿ ಪ್ಯಾರಿಸ್‌ನ ವೈದ್ಯ ರೆನೆ ಲೆನೆಕ್, ತರುಣಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಹೃದಯದ ಬಡಿತವನ್ನು ಆಲಿಸಿದನು. ಬಡಿತವು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಮುಂದೆ ಅವನು ಮರದ ಕೊಳವೆಯನ್ನು ಮಾಡಿಸಿ, ತನ್ನ ಅನುಭವವನ್ನೆಲ್ಲ 1819ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಎದೆಗೆ ಕಿವಿಯಿಟ್ಟು ಆಲಿಸುವುದೇ ಸಾಕೆಂದು ಹಳೆಯ ಕ್ರಮವನ್ನು ಮುಂದುವರಿಸಿದ ವೈದ್ಯರೂ ಇದ್ದರು. ಕಾಲಕ್ರಮದಲ್ಲಿ ಕೊಳವೆಯೇ ಗೆದ್ದಿತು. ಬರಿಗಿವಿಗೆ ತಿಳಿಯದ ಸಂಗತಿಯನ್ನು ಅದು ತಿಳಿಸುತ್ತಿತ್ತು, ರೋಗಿಯ ಮರ್ಯಾದೆಯನ್ನೂ ಕಾಯುತ್ತಿತ್ತು.

ಜ್ವರಮಾಪಕದ ಕಥೆ ಇನ್ನೂ ಬೋಧಪ್ರದವಾದುದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಯಲ್ಲಿದ್ದ ಜ್ವರಮಾಪಕವು ಸುಮಾರು ಒಂದು ಅಡಿ ಉದ್ದವಿದ್ದು, ತಾಪವನ್ನು ತೋರಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ತುಂಬಿದ ಆಸ್ಪತ್ರೆಯಲ್ಲಿ ಪ್ರತಿ ರೋಗಿಗೂ ಅಷ್ಟು ಹೊತ್ತು ಯಾರು ಕಾಯಬಲ್ಲರು? 1866ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಅಂಗುಲಕ್ಕೆ ಇಳಿಸಿ, ಐದು ನಿಮಿಷದಲ್ಲಿ ಅಳತೆ ದೊರೆಯುವಂತೆ ಮಾಡಿದನು. ಆ ಬಳಿಕ ಜ್ವರಮಾಪಕವು ವೈದ್ಯರ ಜೇಬಿಗೆ ಸೇರಿತು. ಬದಲಾದದ್ದು ವೈದ್ಯರ ಸ್ವಭಾವವಲ್ಲ, ಸಾಧನದ ಅಳತೆ ಮತ್ತು ಅದು ಕೇಳುವ ಸಮಯ.

3. ಸಂಶೋಧಕರು ಕಂಡುಕೊಂಡದ್ದು

ಗಣಕಯಂತ್ರಗಳು ಕಚೇರಿಗಳಿಗೆ ಬರತೊಡಗಿದಾಗ, ಜನರು ಅವನ್ನು ಏಕೆ ಒಪ್ಪುತ್ತಾರೆ, ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಯನ್ನು ವಿದ್ವಾಂಸರು ಕೈಗೆತ್ತಿಕೊಂಡರು. ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಲೇಖನವು ‘ತಂತ್ರಜ್ಞಾನ ಸ್ವೀಕೃತಿ ಮಾದರಿ’ ಎಂದು ಪ್ರಸಿದ್ಧವಾಯಿತು. ಅದರ ಸಾರ ಸರಳ. ಬಳಸುವವನು ತನ್ನೊಳಗೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ? ಇದನ್ನು ಬಳಸುವುದು ಸುಲಭವೇ? ಈ ಎರಡಕ್ಕೂ ಅವನ ಮನಸ್ಸು ಕೊಡುವ ಉತ್ತರವೇ ಒಪ್ಪಿಗೆಯ ಅಡಿಪಾಯ.

2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಅವರ ಸಹಲೇಖಕರು ಇಂತಹ ಹಲವು ಮಾದರಿಗಳನ್ನು ಕೂಡಿಸಿ ನಾಲ್ಕು ಅಂಶಗಳನ್ನು ಗುರುತಿಸಿದರು. ಡೇವಿಸ್ ಹೇಳಿದ ಉಪಯೋಗ ಮತ್ತು ಶ್ರಮ ಮೊದಲಿನ ಎರಡು. ಮೂರನೆಯದು ಸುತ್ತಲಿನವರ ಪ್ರಭಾವ, ಅಂದರೆ ತಾನು ಗೌರವಿಸುವ ಹಿರಿಯರೂ ಸಹೋದ್ಯೋಗಿಗಳೂ ಅದನ್ನು ಬಳಸುತ್ತಾರೆಯೇ ಎಂಬುದು. ನಾಲ್ಕನೆಯದು ಅನುಕೂಲಕರ ಪರಿಸ್ಥಿತಿ, ಅಂದರೆ ವಿದ್ಯುತ್ತು, ನೆಟ್‌ವರ್ಕ್, ತರಬೇತಿ, ಕೆಟ್ಟಾಗ ಸರಿಪಡಿಸಿಕೊಡುವವರು.

ವೈದ್ಯರ ವಿಷಯದಲ್ಲಿ ಒಂದು ವಿಶೇಷವಿದೆ. 1999ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನವೊಂದು, ದೂರವೈದ್ಯವನ್ನು ವೈದ್ಯರು ಒಪ್ಪುವ ಬಗೆಯನ್ನು ಡೇವಿಸ್ ಮಾದರಿಯಿಂದ ಪರೀಕ್ಷಿಸಿತು. ಸಾಧನವು ಸುಲಭವೋ ಕಷ್ಟವೋ ಎಂಬುದು ವೈದ್ಯರ ನಿರ್ಧಾರದಲ್ಲಿ ಅಷ್ಟಾಗಿ ಎಣಿಕೆಗೆ ಬರಲಿಲ್ಲ. ತಮ್ಮ ರೋಗಿಗೆ, ತಮ್ಮ ವೃತ್ತಿಗೆ ಅದರಿಂದ ಪ್ರಯೋಜನವಿದೆಯೇ ಎಂಬುದೇ ಮುಖ್ಯವಾಯಿತು. ಕಠಿಣವಾದ ವಿದ್ಯೆಯನ್ನು ವರ್ಷಗಟ್ಟಲೆ ಕಲಿತವರು ಕಷ್ಟಕ್ಕೆ ಹೆದರುವವರಲ್ಲ, ವ್ಯರ್ಥ ಕೆಲಸಕ್ಕೆ ಒಲ್ಲೆನ್ನುವವರು ಎಂದು ಇದನ್ನು ಅರ್ಥೈಸಬಹುದು.

4. ವೈದ್ಯರ ಆಕ್ಷೇಪ

ಅಮೆರಿಕದ ಲಾಸ್ ಏಂಜಲಿಸ್ ನಗರದ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ 2002ರ ಕೊನೆಯ ತಿಂಗಳುಗಳಲ್ಲಿ ಹೊಸ ವ್ಯವಸ್ಥೆಯೊಂದು ಜಾರಿಗೆ ಬಂತು. ಔಷಧ, ಪರೀಕ್ಷೆ ಮುಂತಾದ ಸೂಚನೆಗಳನ್ನು ವೈದ್ಯರು ಕಾಗದದ ಮೇಲೆ ಬರೆಯುವ ಬದಲು ಗಣಕಯಂತ್ರದಲ್ಲಿ ತಾವೇ ನಮೂದಿಸಬೇಕಾಯಿತು. ಅರೆಕ್ಷಣದಲ್ಲಿ ಬರೆದು ಮುಗಿಸುತ್ತಿದ್ದ ಸೂಚನೆಗೆ ಈಗ ಪರದೆಯ ಮೇಲೆ ಹಲವು ಮೆಟ್ಟಿಲುಗಳನ್ನು ದಾಟಬೇಕಿತ್ತು. ನೂರಾರು ವೈದ್ಯರು ಪ್ರತಿಭಟಿಸಿದರು. 2003ರ ಜನವರಿಯಲ್ಲಿ ಆಸ್ಪತ್ರೆಯು ಆ ವ್ಯವಸ್ಥೆಯನ್ನು ನಿಲ್ಲಿಸಿತು. ವರ್ಷಗಳ ಬಳಿಕ ಬೇರೊಂದು ಗಣಕ ವ್ಯವಸ್ಥೆ ಅದೇ ಆಸ್ಪತ್ರೆಯಲ್ಲಿ ನೆಲೆಗೊಂಡಿತು. ಅಲ್ಲಿನ ವೈದ್ಯರ ವಿರೋಧವು ಗಣಕಯಂತ್ರದ ಮೇಲಿನ ದ್ವೇಷವಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸಮಯದ ಪ್ರಶ್ನೆಯನ್ನು ಅಳೆದು ನೋಡಿದ ಪ್ರಸಿದ್ಧ ಅಧ್ಯಯನವೊಂದು 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ 57 ವೈದ್ಯರ ದಿನಚರಿಯನ್ನು ಹತ್ತಿರದಿಂದ ಗಮನಿಸಲಾಗಿತ್ತು. ರೋಗಿಯೊಡನೆ ಮುಖಾಮುಖಿಯಾಗಿ ಕಳೆದ ಪ್ರತಿ ಒಂದು ಗಂಟೆಗೆ, ಗಣಕ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತಿತ್ತು.

ಇದೇ ಸಂಗತಿಯನ್ನು ಏಳು ವರ್ಷದ ಬಾಲಕಿಯೊಬ್ಬಳು ಅಂಕಿಗಳಿಲ್ಲದೆ ಹೇಳಿದಳು. ತಾನು ವೈದ್ಯರ ಬಳಿಗೆ ಹೋದ ಸಂದರ್ಭವನ್ನು ಅವಳು ಬಣ್ಣದ ಚಿತ್ರವಾಗಿ ಬಿಡಿಸಿದ್ದಳು. ಪರೀಕ್ಷೆಯ ಮಂಚದ ಮೇಲೆ ಅವಳು, ಹತ್ತಿರದಲ್ಲಿ ತಾಯಿ ಮತ್ತು ಒಡಹುಟ್ಟಿದವರು. ವೈದ್ಯರು ಮಾತ್ರ ಅವರೆಲ್ಲರಿಗೆ ಬೆನ್ನು ಮಾಡಿ ಗಣಕಯಂತ್ರದ ಪರದೆಯನ್ನು ನೋಡುತ್ತಿದ್ದಾರೆ. ಈ ಚಿತ್ರವು 2012ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ ವೈದ್ಯರ ನಡುವೆ ದೊಡ್ಡ ಚರ್ಚೆಯನ್ನು ಎಬ್ಬಿಸಿತು. ಅನೇಕ ವೈದ್ಯರ ಮನಸ್ಸಿನ ಆಕ್ಷೇಪವೂ ಇದೇ ಆಗಿತ್ತು: ಸಾಧನವು ತಮ್ಮ ಕಣ್ಣನ್ನು ರೋಗಿಯ ಮುಖದಿಂದ ಕಿತ್ತುಕೊಳ್ಳುತ್ತದೆ.

5. ಆರೋಗ್ಯ ಕಾರ್ಯಕರ್ತೆಯರ ಆಕ್ಷೇಪ

ವೈದ್ಯರಿಗೆ ‘ಒಲ್ಲೆ’ ಎನ್ನುವ ಅಧಿಕಾರವಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಗೆ ಆ ಅಧಿಕಾರವಿಲ್ಲ. ಅವಳು ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಪಡೆಯುವವಳು. ಮಾಡಿದ ಕೆಲಸವು ಪೋರ್ಟಲ್‌ನಲ್ಲಿ ಕಾಣಿಸದಿದ್ದರೆ ಹಣ ಬರುವುದಿಲ್ಲ ಎಂಬ ಏರ್ಪಾಡು ಇರುವಲ್ಲಿ, ಸರ್ವರ್ ನಿಧಾನವಾದರೂ ನಷ್ಟ ಅವಳದೇ. ಆದುದರಿಂದ ಅವಳ ಬಳಕೆಯನ್ನು ನೋಡಿ ‘ಒಪ್ಪಿದ್ದಾಳೆ’ ಎಂದು ತಿಳಿಯಲಾಗದು. ವಿಧೇಯತೆ ಬೇರೆ, ಒಪ್ಪಿಗೆ ಬೇರೆ. ವಿದ್ಯಾರ್ಥಿಗಳಿಗೆ ಈ ಭೇದವನ್ನು ಸ್ಪಷ್ಟಪಡಿಸುವುದು ಅಗತ್ಯ.

ಕಾರ್ಯಕರ್ತೆಯರ ದೂರುಗಳಲ್ಲಿ ಮೊದಲನೆಯದು ಇಮ್ಮಡಿ ಬರವಣಿಗೆ. ಆ್ಯಪ್ ಬಂದರೂ ರಿಜಿಸ್ಟರ್ ಹೋಗದಿದ್ದರೆ ಒಂದೇ ವಿವರವನ್ನು ಎರಡು ಮೂರು ಕಡೆ ತುಂಬಬೇಕು. ಎರಡನೆಯದು ಸಾಧನದ ಗುಣಮಟ್ಟ ಮತ್ತು ಭಾಷೆ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಮೊಬೈಲುಗಳನ್ನು ಹಿಂದಿರುಗಿಸುವ ಚಳವಳಿಯನ್ನೇ ನಡೆಸಿದರು. ಮೊಬೈಲುಗಳು ಹಳೆಯವು, ಅವುಗಳ ಸ್ಮರಣಶಕ್ತಿ ಆ್ಯಪ್‌ಗೆ ಸಾಲದು, ಬಿಸಿಯಾಗಿ ನಿಂತುಹೋಗುತ್ತವೆ, ವಿವರಗಳನ್ನು ಇಂಗ್ಲಿಷಿನಲ್ಲಿ ತುಂಬಬೇಕಾಗಿದೆ ಎಂಬುದು ಅವರ ಅಳಲಾಗಿತ್ತು. ಮೂರನೆಯದು ನಿಗಾವಣೆಯ ಭಯ. ಅದೇ ವರ್ಷ ಹರಿಯಾಣದ ಆಶಾ ಕಾರ್ಯಕರ್ತೆಯರು, ಕೆಲಸದ ಮೊಬೈಲಿಗೆ ಹಾಕಿಕೊಳ್ಳಬೇಕೆಂದು ಹೇಳಲಾದ ಆ್ಯಪ್ ಒಂದು ತಮ್ಮ ಓಡಾಟವನ್ನೆಲ್ಲ ಕಾಯುತ್ತದೆ ಎಂದು ವಿರೋಧಿಸಿದರು.

ಶಿಕ್ಷಕರಿಗೆ ಈ ದೂರುಗಳು ಅಪರಿಚಿತವಲ್ಲ. ಯುಡೈಸ್ ಪ್ಲಸ್ ಇಡೀ ದೇಶಕ್ಕೆ ಸಮಾನ. ಅದರ ಜೊತೆಗೆ ಕೇರಳದಲ್ಲಿ ಸಂಪೂರ್ಣ, ತಮಿಳುನಾಡಿನಲ್ಲಿ ಇಎಂಐಎಸ್, ಮಹಾರಾಷ್ಟ್ರದಲ್ಲಿ ಸರಳ್ ಎಂಬ ವ್ಯವಸ್ಥೆಗಳಿವೆ. ಹಾಜರಿ ಪುಸ್ತಕವನ್ನೂ ಬರೆದು ಪೋರ್ಟಲನ್ನೂ ತುಂಬುವ ಶಿಕ್ಷಕರು ಆರೋಗ್ಯ ಕಾರ್ಯಕರ್ತೆಯ ಸ್ಥಿತಿಯನ್ನು ತಮ್ಮ ಅನುಭವದಿಂದಲೇ ವಿವರಿಸಬಲ್ಲರು.

6. ಒಪ್ಪಿಗೆ ದೊರೆತ ಬಗೆ

ಭಾರತದಲ್ಲಿ ರಕ್ತದೊತ್ತಡ ನಿಯಂತ್ರಣಕ್ಕಾಗಿ 2017ರಲ್ಲಿ ರಾಷ್ಟ್ರೀಯ ಉಪಕ್ರಮವೊಂದು ಆರಂಭವಾಯಿತು. ಮೊದಲ ಹಂತದ ಐದು ರಾಜ್ಯಗಳಲ್ಲಿ ಕೇರಳ, ತೆಲಂಗಾಣ, ಮಹಾರಾಷ್ಟ್ರ ಸೇರಿದ್ದವು. ಅದರಲ್ಲಿ ಬಳಕೆಗೆ ಬಂದ ‘ಸಿಂಪಲ್’ ಎಂಬ ಆ್ಯಪ್ ಹೆಸರಿಗೆ ತಕ್ಕಂತೆ ಸರಳವಾಗಿತ್ತು. ದಾದಿಯು ರೋಗಿಯ ಕಾರ್ಡಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಹಿಂದಿನ ಅಳತೆಗಳೂ ಔಷಧಗಳೂ ತೆರೆದುಕೊಳ್ಳುತ್ತವೆ. ಮರುಭೇಟಿಯ ವಿವರ ತುಂಬಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ನಡೆಯುತ್ತದೆ. ಬರಬೇಕಾದ ದಿನ ಬಾರದ ರೋಗಿಗಳ ಪಟ್ಟಿಯನ್ನು ಆ್ಯಪ್ ತಾನಾಗಿ ಕೊಡುತ್ತದೆ, ಅವರಿಗೆ ಫೋನ್ ಮಾಡಿದರಾಯಿತು. ಇಲ್ಲಿ ದಾದಿಯು ಯಾರಿಗೋ ವರದಿ ಸಲ್ಲಿಸಲು ಅಂಕಿ ತುಂಬುತ್ತಿಲ್ಲ. ತುಂಬಿದ ಅಂಕಿಯು ಮರುಕ್ಷಣವೇ ಅವಳ ಕೆಲಸಕ್ಕೆ ಒದಗುತ್ತದೆ.

ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಎಂದರೆ ಜನರನ್ನು ಅರಸಿ ಬರುವ ವೈದ್ಯ. ಇದು 2021ರ ಆಗಸ್ಟ್ 5ರಂದು ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಆರಂಭವಾಯಿತು. ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸಿ ಔಷಧ ಕೊಡುತ್ತಾರೆ. ದಾಖಲೆಯು ಆ್ಯಪ್‌ಗೆ ಸೇರುತ್ತದೆ, ಆದರೆ ಜನರ ಮನೆಗೆ ಮೊದಲು ಬರುವುದು ಔಷಧ ಹಿಡಿದ ಪರಿಚಿತ ಮನುಷ್ಯಳು.

ದೂರವೈದ್ಯದ ಇತಿಹಾಸ ಇನ್ನೊಂದು ಪಾಠವನ್ನು ಕಲಿಸುತ್ತದೆ. ಇಸ್ರೋ ಸಂಸ್ಥೆಯು 2001ರಲ್ಲೇ ಉಪಗ್ರಹದ ಮೂಲಕ ದೂರದ ಆಸ್ಪತ್ರೆಗಳನ್ನು ನಗರದ ತಜ್ಞರಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತ್ತು. ಆದರೂ ದೀರ್ಘಕಾಲ ಅದು ಕೆಲವೇ ಆಸ್ಪತ್ರೆಗಳಿಗೆ ಸೀಮಿತವಾಗಿತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 25ರಂದು, ದೂರವೈದ್ಯದ ಮಾರ್ಗಸೂಚಿಗಳು ಪ್ರಕಟವಾದವು. ಯಾವ ಔಷಧವನ್ನು ದೂರದಿಂದ ಬರೆಯಬಹುದು, ಯಾವುದನ್ನು ಬರೆಯಬಾರದು, ರೋಗಿಯ ಸಮ್ಮತಿ ಹೇಗಿರಬೇಕು ಎಂಬುದು ವೈದ್ಯರಿಗೆ ಸ್ಪಷ್ಟವಾಯಿತು. ಅಗತ್ಯವೂ ನಿಯಮವೂ ಕೂಡಿದಾಗ ಬಳಕೆ ಹರಡಿತು. 2023ರ ಫೆಬ್ರವರಿಯ ಹೊತ್ತಿಗೆ ಇ-ಸಂಜೀವಿನಿಯ ಸಮಾಲೋಚನೆಗಳು 10 ಕೋಟಿ ದಾಟಿದ್ದವು.

7. ಗಡಿನಾಡಿನ ಪ್ರಶ್ನೆ: ಪರದೆಯ ಭಾಷೆ, ಬಾಯಿಯ ಭಾಷೆ

ಮೇಲಿನ ಎಲ್ಲ ಅಧ್ಯಯನಗಳೂ ಬಳಸುವವರು ಮತ್ತು ರೋಗಿ ಒಂದೇ ಭಾಷೆಯವರು ಎಂದು ಬಹುಮಟ್ಟಿಗೆ ಭಾವಿಸುತ್ತವೆ. ಗಡಿನಾಡಿನ ಸ್ಥಿತಿ ಹಾಗಿಲ್ಲ. ಮಂಜೇಶ್ವರದ ಅಜ್ಜಿ, ತಾಳವಾಡಿಯ ರೈತ, ಅಕ್ಕಲಕೋಟೆಯ ಬಾಣಂತಿ, ಮಡಕಶಿರಾದ ಕೂಲಿಯವಳು ತಮ್ಮ ನೋವನ್ನು ಹೇಳುವುದು ಕನ್ನಡದಲ್ಲಿ. ಪರದೆಯ ಮೇಲಿರುವುದು ಇಂಗ್ಲಿಷ್ ಅಥವಾ ರಾಜ್ಯದ ಭಾಷೆ. ನಡುವೆ ಕುಳಿತ ಆರೋಗ್ಯ ಕಾರ್ಯಕರ್ತೆ ದಾಖಲೆಕಾರಳಷ್ಟೇ ಅಲ್ಲ, ಅನುವಾದಕಿಯೂ ಹೌದು. ಈ ಕೆಲಸಕ್ಕೆ ಆ್ಯಪ್‌ನಲ್ಲಿ ಕಾಲಂ ಇಲ್ಲ, ಸಮಯದ ಲೆಕ್ಕವೂ ಇಲ್ಲ.

ಅನುವಾದ ತಪ್ಪಿದರೆ ದಾಖಲೆ ತಪ್ಪುತ್ತದೆ. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ, ಕನ್ನಡದಲ್ಲಿ ಹನಿ. ಮರಾಠಿಯಲ್ಲಿ ‘ತಾಪ’ ಎಂದರೆ ಜ್ವರ, ಕನ್ನಡದಲ್ಲಿ ಬಿಸಿ ಅಥವಾ ಬೇಗೆ. ತಮಿಳಿನ ‘ಮಯಕ್ಕಂ’ ತಲೆಸುತ್ತನ್ನೂ ಸೂಚಿಸಬಹುದು, ಎಚ್ಚರ ತಪ್ಪುವುದನ್ನೂ ಸೂಚಿಸಬಹುದು. ಕನ್ನಡದಲ್ಲಿ ಇವೆರಡೂ ಬೇರೆಬೇರೆ, ವೈದ್ಯರಿಗೂ ಬೇರೆಬೇರೆ. ಇನ್ನು ‘ಸುಸ್ತು’, ‘ಸಂಕಟ’, ‘ಜೋಮು’, ‘ಎದೆ ಉರಿ’, ‘ಹೊಟ್ಟೆ ಉಬ್ಬರ’ ಎಂಬ ಮಾತುಗಳಿಗೆ ಪಟ್ಟಿಯಿಂದ ಒಂದನ್ನು ಆರಿಸು ಎನ್ನುವ ಪರದೆಯಲ್ಲಿ ಸರಿಯಾದ ಜಾಗ ಸಿಗುವುದು ಕಷ್ಟ. ಎದೆ ಉರಿ ಎಂದವನ ತೊಂದರೆ ಅಜೀರ್ಣವೂ ಆಗಿರಬಹುದು, ಹೃದಯದ್ದೂ ಆಗಿರಬಹುದು. ಅವನನ್ನು ಮತ್ತೆ ಕೇಳಿ ತಿಳಿಯುವವರು ಬೇಕು.

ಸಮ್ಮತಿಯ ಪ್ರಶ್ನೆಯೂ ಭಾಷೆಯದೇ. ಡಿಜಿಟಲ್ ಆರೋಗ್ಯ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ದಾಖಲೆಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲು ರೋಗಿಯ ಒಪ್ಪಿಗೆ ಬೇಕು. ಆದರೆ ಓದಲಾಗದ ಭಾಷೆಯಲ್ಲಿ ಬಂದ ಸಂದೇಶಕ್ಕೆ ‘ಸರಿ’ ಎಂದು ಒತ್ತಿದರೆ ಅದು ಸಮ್ಮತಿಯಾದೀತೇ? ಕಾಸರಗೋಡಿನವರು ಮಂಗಳೂರಿಗೂ ಹೊಸೂರಿನವರು ಬೆಂಗಳೂರಿಗೂ ಚಿಕಿತ್ಸೆಗೆ ಹೋಗುವುದು ವಾಡಿಕೆ. ರಾಜ್ಯದ ಗಡಿ ದಾಟಿದರೂ ಜೊತೆಗೆ ಬರುವ ಆರೋಗ್ಯ ದಾಖಲೆಯಿಂದ ಹೆಚ್ಚಿನ ಲಾಭ ಆಗಬೇಕಾದದ್ದು ಇಂತಹವರಿಗೇ. ಆ ದಾಖಲೆಯ ಮೊದಲ ಸಾಲು ತಪ್ಪಾಗಿ ಅನುವಾದವಾಗಿದ್ದರೆ ತಪ್ಪೂ ಅವರೊಡನೆ ಗಡಿ ದಾಟುತ್ತದೆ.

ಸಂವಿಧಾನದ 350ಎ ವಿಧಿಯು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುತ್ತದೆ ಎಂಬುದನ್ನು ಶಿಕ್ಷಕರು ಬಲ್ಲರು. ಅದರ ಹಿಂದಿನ 350ನೆಯ ವಿಧಿಯೂ ಇಲ್ಲಿ ನೆನಪಿಡತಕ್ಕದ್ದು. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಡುತ್ತದೆ. ಆರೋಗ್ಯದ ಆ್ಯಪ್, ಕಾರ್ಡು, ಸೂಚನಾ ಫಲಕಗಳಲ್ಲಿ ಕನ್ನಡ ಬೇಕೆಂಬ ಮನವಿಯನ್ನು ಕನ್ನಡದಲ್ಲೇ ಬರೆಯಬಹುದು.

8. ತರಗತಿಯ ಚಟುವಟಿಕೆ: ನೋವಿನ ಮಾತುಗಳ ಪಟ್ಟಿ

ವಿದ್ಯಾರ್ಥಿಗಳನ್ನು ನಾಲ್ಕೈದು ಜನರ ಗುಂಪುಗಳಾಗಿ ಮಾಡಿ, ಕಾಯಿಲೆ ಮತ್ತು ನೋವಿಗೆ ಸಂಬಂಧಿಸಿದ ಮಾತುಗಳನ್ನು ಮನೆಯ ಹಿರಿಯರಿಂದ ಸಂಗ್ರಹಿಸಲು ಹೇಳಬೇಕು. ಪಟ್ಟಿಯಲ್ಲಿ ಮೂರು ಸಾಲುಗಳಿರಲಿ: ಮನೆಯಲ್ಲಿ ಆಡುವ ಮಾತು, ಪಠ್ಯಪುಸ್ತಕದ ಕನ್ನಡ, ರಾಜ್ಯಭಾಷೆಯ ಮಾತು. ‘ತಲೆಸುತ್ತು’, ‘ತಲೆ ತಿರುಗುವುದು’, ‘ಚಕ್ಕರ್’ ಎಂಬಂತೆ ಒಂದೇ ತೊಂದರೆಗೆ ಊರಿಂದೂರಿಗೆ ಬೇರೆ ಮಾತಿದ್ದರೆ ಎಲ್ಲವನ್ನೂ ಬರೆಯಬೇಕು. ಒಂದೇ ಮಾತಿಗೆ ಎರಡು ಅರ್ಥವಿದ್ದರೆ ಗುರುತು ಹಾಕಬೇಕು. ಬಳಿಕ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಶಾಲೆಗೆ ಆಹ್ವಾನಿಸಿ, ಪಟ್ಟಿಯನ್ನು ಅವರಿಂದ ತಿದ್ದಿಸಿ, ಶುದ್ಧಪ್ರತಿಯೊಂದನ್ನು ಉಪಕೇಂದ್ರಕ್ಕೆ ಕೊಡಬೇಕು. ಹೊರಗಿನಿಂದ ವರ್ಗವಾಗಿ ಬಂದ ದಾದಿಗೂ ವೈದ್ಯರಿಗೂ ಅದು ಒದಗುತ್ತದೆ.

ಎಚ್ಚರಿಕೆ: ಪಟ್ಟಿಯಲ್ಲಿ ಮಾತುಗಳು ಮಾತ್ರ ಇರಬೇಕು. ಯಾರಿಗೆ ಯಾವ ಕಾಯಿಲೆ ಇದೆ ಎಂಬುದನ್ನಾಗಲಿ, ಯಾರ ಆರೋಗ್ಯ ಸಂಖ್ಯೆಯನ್ನಾಗಲಿ ವಿದ್ಯಾರ್ಥಿಗಳು ಕೇಳಕೂಡದು, ಬರೆಯಕೂಡದು. ಕಾಯಿಲೆಯ ಗುಟ್ಟನ್ನು ಕಾಯುವುದು ವೈದ್ಯರ ಧರ್ಮವೆಂದು ಹೇಳಿಕೊಡಲು ಇದೇ ಸಂದರ್ಭ.

9. ಸಾರಾಂಶ

ಹೊಸ ಸಾಧನವನ್ನು ಒಲ್ಲದವರೆಲ್ಲ ಹೊಸತನದ ವಿರೋಧಿಗಳಲ್ಲ. ಸಮಯವನ್ನು ಉಳಿಸುವ, ರೋಗಿಯ ಮುಖ ನೋಡಲು ಬಿಡುವ, ತುಂಬಿದ ವಿವರವನ್ನು ತುಂಬಿದವರಿಗೇ ಉಪಯೋಗಕ್ಕೆ ಕೊಡುವ, ನಂಬಿಕೆಯಿಂದ ನಡೆಸಿಕೊಳ್ಳುವ ಸಾಧನಕ್ಕೆ ಒಪ್ಪಿಗೆ ದೊರೆಯುತ್ತದೆ. ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಬೇಕು: ರೋಗಿಯ ಮಾತು ಅರ್ಥ ಕೆಡದಂತೆ ದಾಖಲೆಗೆ ಸೇರಬೇಕು. ಒಲ್ಲೆನ್ನುವ ಕಾರ್ಯಕರ್ತೆಯ ಮಾತನ್ನು ದೂರೆಂದು ಬದಿಗಿಡದೆ, ಸಾಧನವನ್ನು ತಿದ್ದಲು ಬಂದ ಸಲಹೆಯೆಂದು ಕೇಳಿದಲ್ಲಿ ಕೆಲಸ ಸುಗಮವಾಗುತ್ತದೆ.

10. ಅಭ್ಯಾಸ

ಅ. ಆಲ್ಬಟ್‌ನ ಜ್ವರಮಾಪಕ ಮತ್ತು ‘ಸಿಂಪಲ್’ ಆ್ಯಪ್ ನಡುವೆ ಇರುವ ಹೋಲಿಕೆಯನ್ನು ವಿವರಿಸಿರಿ.

ಆ. ವಿಧೇಯತೆ ಮತ್ತು ಒಪ್ಪಿಗೆ ಇವುಗಳ ಭೇದವನ್ನು ಒಂದು ಉದಾಹರಣೆಯೊಡನೆ ತಿಳಿಸಿರಿ.

ಇ. ವೆಂಕಟೇಶ್ ಮತ್ತು ಸಹಲೇಖಕರು ಹೇಳಿದ ನಾಲ್ಕು ಅಂಶಗಳಲ್ಲಿ ನಿಮ್ಮ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಯಾವುದರ ಕೊರತೆ ಹೆಚ್ಚು? ಕಾರ್ಯಕರ್ತೆಯನ್ನು ಕೇಳಿ ಬರೆಯಿರಿ.

ಈ. ಏಳು ವರ್ಷದ ಬಾಲಕಿಯ ಚಿತ್ರದ ವಿವರಣೆಯನ್ನು ಓದಿ, ವೈದ್ಯರ ಮೇಜು, ಪರದೆ, ರೋಗಿಯ ಕುರ್ಚಿ ಇವುಗಳನ್ನು ಹೇಗೆ ಇರಿಸಿದರೆ ಆ ಕುಂದು ನೀಗುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಿರಿ.

ಉ. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಕನ್ನಡದ ಸೂಚನಾ ಫಲಕವನ್ನು ಹಾಕಬೇಕೆಂದು ವೈದ್ಯಾಧಿಕಾರಿಗಳಿಗೆ ಒಂದು ಮನವಿ ಪತ್ರ ಬರೆಯಿರಿ.